ನಾಲ್ಕನೇ ನೊಗ

ಎತ್ತಿನ ನೊಗಕ್ಕೆ ಜಾಲಿ ಬಿಟ್ಟರೆ ಬೇರೆ ಮರವೇ ಇಲ್ಲ ಅಂತ ನಮ್ಮ ದೊಡ್ಡಪ್ಪ ಈಗಲೂ ಹೇಳುತ್ತಾರೆ. ಹೇಳಲಿ. ನಾನು ಮಾಡಿದ ತಡಸಲು ಮರದ ನೊಗಕ್ಕೆ ಇದು ಐದನೇ ಮುಂಗಾರು, ಕೂದಲೆಳೆಯಷ್ಟು ಬಿರುಕೂ ಬಿಟ್ಟಿಲ್ಲ.

ಅದಕ್ಕೂ ಮೊದಲು ಮೂರು ಹಾಳು ಮಾಡಿದ್ದೇನೆ. ಮೊದಲನೆಯದು ಜಾಲಿಯೇ. ಕಡಿದ ಎರಡು ವಾರಕ್ಕೆ ಹಸಿಮರ ಕೆತ್ತಿ ಹೂಡಿಬಿಟ್ಟೆ. ಹತ್ತು ಹನ್ನೊಂದು ಕೆಜಿ ಇತ್ತೇನೋ, ಸಂಜೆಗೆ ಎತ್ತುಗಳ ಹೆಗಲು ಕೆಂಪಗಾಗುತ್ತಿತ್ತು. ಬೇಸಿಗೆಯಲ್ಲಿ ಗೂಟದ ತೂತಿನಿಂದ ತುದಿವರೆಗೆ ಸೀಳಿತು. ತಪ್ಪು ಜಾಲಿಯದಲ್ಲ, ಕಾಂಡದ ನಟ್ಟನಡುವಿನ ಮೆತ್ತನೆ ತಿರುಳು ಒಳಗೇ ಉಳಿಯುವ ಹಾಗೆ ಕೆತ್ತಿದ್ದ ನನ್ನದು.

ಎರಡನೆಯದು ತೇಗ. ಹಳೆ ತೊಲೆ, ಚೆನ್ನಾಗಿ ಒಣಗಿತ್ತು, ಸಾಮಿಲ್‌ನಲ್ಲಿ ಕೊಯ್ಸಿದೆ. ಗರಗಸ ಮರದ ಎಳೆ ನೋಡಿ ಕೊಯ್ಯುವುದಿಲ್ಲ ಅಲ್ವಾ? ನಡುವಿನಲ್ಲಿ ಎಳೆ ಓರೆಯಾಗಿ ಹೊರಗೆ ಹೋಗಿತ್ತು. ನೇಗಿಲು ಬೇರಿಗೆ ಸಿಕ್ಕಿದ ದಿನ ಅದೇ ಓರೆಯಲ್ಲಿ ಲಟಕ್ ಅಂತ ಮುರಿಯಿತು. ಈ ಎರಡಕ್ಕೆ ಸುರಿದ ದುಡ್ಡು, ಮರ ಕೊಯ್ಸಿದ ಕೂಲಿ, ಸಾಗಣೆ ಎಲ್ಲಾ ಸೇರಿಸಿದರೆ ಆಚಾರಿ ಹತ್ರ ಒಳ್ಳೆ ನೊಗ ಮೂರು ಬರುತ್ತಿದ್ದವು. ಮೂರನೆಯದು ಪುಕ್ಕಟೆ ಸಿಕ್ಕಿದ ನೀಲಗಿರಿ. ಒಣಗುವಾಗ ಹಗ್ಗದ ಹಾಗೆ ತಿರುಚಿಕೊಂಡಿತು, ಒಲೆಗೆ ಹೋಯಿತು.

ಆಮೇಲೆ ಬದುವಿನ ತಡಸಲು ಮರ ಗಾಳಿಗೆ ಬಿತ್ತು. ತಡಸಲು ಬಳುಕುತ್ತದೆ, ಬೇಗ ಮುರಿಯಲ್ಲ, ಕೊಡಲಿ ಕಾವಿಗೆ ಹಾಕಿದವರಿಗೆ ಗೊತ್ತು. ನೆಟ್ಟಗಿನ ತುಂಡು ಆರಿಸಿ ಈ ಸಲ ಬೆಣೆ ಹೊಡೆದು ಸೀಳಿದೆ. ಬೆಣೆ ಎಳೆ ಹೋದ ಕಡೆಗೇ ಹೋಗುತ್ತದೆ, ಮರ ಒಳಗೆ ಹೇಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ನಾಲ್ಕು ಹೋಳು ಮಾಡಿ, ತಿರುಳು ಕೆತ್ತಿ ತೆಗೆದು, ತುದಿಗಳಿಗೆ ಮೇಣ ಬಳಿದು ನೆರಳಿನಲ್ಲಿಟ್ಟೆ. ತಿಂಗಳಿಗೊಮ್ಮೆ ತೂಗುತ್ತಿದ್ದೆ. ಆಚಾರಿ ನೋಡಿ ನಕ್ಕರು, "ಏನಪ್ಪಾ, ಮೊಟ್ಟೆಗೆ ಕಾವು ಕೊಡ್ತಾ ಇದ್ದೀಯಾ?" ತೂಕ ಇಳಿಯುವುದು ನಿಲ್ಲುವಷ್ಟರಲ್ಲಿ 14 ತಿಂಗಳೋ ಏನೋ ಆಗಿತ್ತು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಉಳಿದ ತುಂಡುಗಳಲ್ಲಿ ಒಂದನ್ನು ಎರಡು ತಿಂಗಳು ಕೆರೆಯಲ್ಲಿ ಮುಳುಗಿಸಿಟ್ಟೆ, ಇನ್ನೊಂದನ್ನು ಹಾಗೇ ಬಿಟ್ಟೆ. ಹಾಗೇ ಬಿಟ್ಟದ್ದರ ಹೊರಗಿನ ಬಿಳಿ ಭಾಗಕ್ಕೆ ಹುಳು ಹಿಡಿದು ಹಿಟ್ಟು ಉದುರತೊಡಗಿತು. ಕೆರೆಯದು ಗಬ್ಬು ನಾರುತ್ತಿತ್ತು, ಆದರೆ ಹುಳು ಮುಟ್ಟಲಿಲ್ಲ. ಹುಳು ತಿನ್ನುವುದು ಮರದೊಳಗಿನ ಗಂಜಿಯನ್ನು, ಅದು ನೀರಿಗೆ ಬಿಟ್ಟುಹೋಗುತ್ತದೆ. ಈಗ ಈಸಿನ (ನೇಗಿಲನ್ನು ನೊಗಕ್ಕೆ ಸೇರಿಸುವ ಉದ್ದನೆ ಕೋಲು) ಮರವನ್ನೂ ಮೊದಲು ನೀರಿಗೆ ಹಾಕುತ್ತೇನೆ.

ನೊಗ 6 ಅಡಿ ಹತ್ತಿರ ಇದೆ, ನಡುವೆ 3 ಇಂಚಿಗಿಂತ ಸ್ವಲ್ಪ ಜಾಸ್ತಿ ದಪ್ಪ, ತೂಕ ಏಳು ಕೆಜಿ ಒಳಗೇ. ಗೂಟದ ತೂತು ದುಂಡಗೆ ಕೊರೆದೆ. ಉಳಿಯಲ್ಲಿ ಚೌಕ ಹೊಡೆದರೆ ಮೂಲೆಯಿಂದಲೇ ಸೀಳು ಶುರುವಾಗುತ್ತದೆ. ಕೊನೆಗೆ ಬಿಸಿ ಅಗಸೆ ಎಣ್ಣೆ, ಮೂರು ಕೈ. ಎಣ್ಣೆಗೆ ಇನ್ನೊಂದು ಬೆರೆಸುತ್ತೇನೆ, ಅದನ್ನು ದೊಡ್ಡಪ್ಪನಿಗೂ ಹೇಳಿಲ್ಲ.

ಹೋದ ತಿಂಗಳು ಆಚಾರಿ ಬಂದು ನೊಗ ಎತ್ತಿ ನೋಡಿದರು. "ಆ ಮರ ಇನ್ನೊಂದು ತುಂಡು ಇದೆಯಾ?" ಅಂದರು. ಅಟ್ಟದ ಮೇಲೆ ಒಣಗಿ ಕೂತಿದೆ.

"ಇದೆ ಆಚಾರ್ರೇ, ಇನ್ನೂ ಕಾವು ಕೊಡ್ತಾ ಇದ್ದೀನಿ" ಅಂದೆ.