ಶಿರಾಡಿ ಬಿಟ್ಟು ಮೈಸೂರು ಮೇಲೆ ಪುತ್ತೂರಿಗೆ

ಬೆಂಗಳೂರಿನಿಂದ ಪುತ್ತೂರಿಗೆ ಹೊರಟವರು ಸಾಮಾನ್ಯವಾಗಿ ಮೈಸೂರಿನ ಕಡೆ ತಲೆ ಹಾಕುವುದಿಲ್ಲ. ಹಾಸನ, ಸಕಲೇಶಪುರ ದಾಟಿ ಶಿರಾಡಿ ಇಳಿದರೆ ಉಪ್ಪಿನಂಗಡಿ. ಅಲ್ಲಿಂದ ಪುತ್ತೂರು ಪಕ್ಕದಲ್ಲೇ. ಮೈಸೂರು, ಮಡಿಕೇರಿ ಮೇಲೆ ಬಂದರೆ ದೂರ ಜಾಸ್ತಿ, ತಿರುವು ಇನ್ನೂ ಜಾಸ್ತಿ. ಆದರೆ ನಾನು ಎಂ.ಎ. ಓದಿದ್ದು ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸು ಮಾನಸಗಂಗೋತ್ರಿಯಲ್ಲಿ. ರಜೆ ಸಿಕ್ಕರೆ ಊರಿಗೆ ಹೋಗುತ್ತಿದ್ದದ್ದು ಇದೇ ದಾರಿಯಲ್ಲಿ, ಕೆಂಪು ಬಸ್ಸಿನಲ್ಲಿ. ಸಂಪಾಜೆ ಘಾಟಿಯಲ್ಲಿ ಯಾರಾದರೂ ಒಬ್ಬರು ವಾಂತಿ ಮಾಡುವುದು ಖಾತ್ರಿ ಇತ್ತು.

ಈ ಸಲ ಚೌತಿಗೆ ಕಾರಿನಲ್ಲಿ ಅದೇ ದಾರಿ ಹಿಡಿದೆ. ಮನೆಯವರಿಗೆ ಮೊದಲೇ ಹೇಳಿದ್ದೆ: ರಾತ್ರಿ ಮೈಸೂರಿನಲ್ಲಿ ಉಳಿಯೋಣ, ಬಸ್ಸು ನಿಲ್ಲಿಸದ ಕಡೆಗಳಲ್ಲಿ ನಿಲ್ಲಿಸೋಣ.

ಮೈಸೂರಿನವರೆಗಿನ ಪ್ರಯಾಣದಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ವಡೆಗೋಸ್ಕರ ಮದ್ದೂರಿನಲ್ಲಿ ಹಳೆ ರಸ್ತೆಗೆ ಇಳಿದೆವು, ಅಷ್ಟೇ.

ಬೆಳಗ್ಗೆ ಬೇಗ ಎದ್ದು ಕುಕ್ಕರಹಳ್ಳಿ ಕೆರೆಗೆ ಹೋದೆವು. ಹೋಗುವುದಾದರೆ ಬೆಳಗ್ಗೆಯೇ ಹೋಗಬೇಕು, ಬಿಸಿಲೇರಿದ ಮೇಲೆ ಅದು ಬೇರೆಯೇ ಜಾಗ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಕೆರೆ ಇದು. ಊರಾಚೆಯ ಹೊಲಗಳಿಗೆ ನೀರು ಕೊಡುವುದು ಆಗಿನ ಉದ್ದೇಶ. ಈಗ ಹೊಲವೆಲ್ಲ ಬಡಾವಣೆ ಆಗಿದೆ, ಏರಿ ಮಾತ್ರ ವಾಕಿಂಗ್‌ನವರ ಪಾಲಿಗೆ ಉಳಿದಿದೆ. ಹೆಜ್ಜಾರ್ಲೆಗಳು ಮೊದಲಿನ ಹಾಗೇ ನೀರಿನ ಮೇಲೆ ಗಂಭೀರವಾಗಿ ಕೂತಿದ್ದವು. ಪರೀಕ್ಷೆಗೆ ಓದುತ್ತೇವೆ ಅಂತ ಪುಸ್ತಕ ಹಿಡಿದು ನಾವು ಇಲ್ಲಿಗೆ ಬರುತ್ತಿದ್ದೆವು. ಪುಸ್ತಕ ಬಿಚ್ಚಿದ ನೆನಪು ಕಮ್ಮಿ. ಕುವೆಂಪು ಇದೇ ಏರಿಯ ಮೇಲೆ ನಡೆಯುತ್ತಿದ್ದರು ಎನ್ನುವುದು ನಮ್ಮ ಕಾಲದ ಪ್ರತಿಯೊಬ್ಬ ಕನ್ನಡ ವಿದ್ಯಾರ್ಥಿಗೂ ಒಂದು ನೆಪ.

ಕೆರೆಯಿಂದ ಕ್ಯಾಂಪಸ್ಸಿಗೆ ನಡೆದೇ ಹೋಗಬಹುದು. ಮಾನಸಗಂಗೋತ್ರಿ ಎಂಬ ಹೆಸರಿಟ್ಟದ್ದೂ ಕುವೆಂಪು ಅವರೇ, ಕುಲಪತಿ ಆಗಿದ್ದಾಗ. ಕಾರು ಒಳಗೆ ತರಬೇಡಿ ಅಂತ ನನ್ನ ಸಲಹೆ. ಇಲ್ಲಿನ ಮರಗಳ ಕೆಳಗೆ ನಡೆಯದಿದ್ದರೆ ಬಂದದ್ದೇ ದಂಡ. ಜಯಲಕ್ಷ್ಮೀವಿಲಾಸ ಅರಮನೆಯ ಮುಂದೆ ನಿಂತಾಗ ಮಗಳು ಕೇಳಿದಳು, "ನೀವು ಇದರೊಳಗೆ ಓದ್ತಿದ್ರಾ?" ಇಲ್ಲ, ಇದರ ನೆರಳಲ್ಲಿ ಕೂತು ಕ್ಲಾಸು ತಪ್ಪಿಸುತ್ತಿದ್ದೆವು. ಒಳಗೆ ಇದ್ದದ್ದು ಜಾನಪದ ವಸ್ತುಸಂಗ್ರಹಾಲಯ. ತೊಗಲುಗೊಂಬೆ, ಸೋಮನ ಮುಖ, ಯಕ್ಷಗಾನದ ಕಿರೀಟ. ಊರಿನಲ್ಲಿ ಬಯಲಾಟದವರು ವೇಷ ಕಟ್ಟುವ ಚೌಕಿಯಲ್ಲಿ ಬಿದ್ದಿರುತ್ತಿದ್ದ ಸಾಮಾನನ್ನು ಗಾಜಿನ ಹಿಂದೆ ನೋಡಿ ನನಗೆ ಮೊದಲ ಸಲ ತಮಾಷೆ ಅನಿಸಿತ್ತು.

ರಂಗಾಯಣದ ಗೇಟಿನ ಹತ್ತಿರವೂ ಸ್ವಲ್ಪ ಹೊತ್ತು ನಿಂತೆ. 1989ರಲ್ಲಿ ಬಿ.ವಿ. ಕಾರಂತರು ಶುರು ಮಾಡಿದ ಜಾಗ. ಹಾಸ್ಟೆಲ್ ಊಟ ಬಿಟ್ಟು ಭೂಮಿಗೀತದಲ್ಲಿ ನಾಟಕ ನೋಡಿದ ಸಂಜೆಗಳು ಬಹಳ. ಎಂ.ಎ. ಸಿಲಬಸ್ಸಿನಲ್ಲಿ ಕಲಿತದ್ದು ಎಷ್ಟೋ ಮರೆತಿದೆ, ಆ ನಾಟಕಗಳು ಮರೆತಿಲ್ಲ.

ತಿಂಡಿಗೆ ನಜರ್‌ಬಾದಿನ ಮೈಲಾರಿ. ಅಕ್ಕಪಕ್ಕದ ಎರಡು ಹೋಟೆಲಿನವರೂ ತಾವೇ ಅಸಲಿ ಅನ್ನುತ್ತಾರೆ. ಆಗ ನಮ್ಮ ಹಾಸ್ಟೆಲ್ಲಿನಲ್ಲಿ ಇದರ ಮೇಲೆ ಎರಡು ಪಕ್ಷಗಳೇ ಇದ್ದವು. ನಾನು ಯಾವ ಪಕ್ಷ ಅಂತ ಇಲ್ಲಿ ಹೇಳಿದರೆ ಗಲಾಟೆ ಆಗುತ್ತದೆ.

ಮೈಸೂರು ದಾಟಿದರೆ ಇಲವಾಲ, ಬಿಳಿಕೆರೆ, ಹುಣಸೂರು. ವಿದ್ಯಾರ್ಥಿಯಾಗಿದ್ದಾಗ ಈ ಭಾಗದಲ್ಲಿ ನಾನು ನಿದ್ದೆ ಹೊಡೆಯುತ್ತಿದ್ದೆ. ಈ ಸಲ ಎಚ್ಚರ ಇದ್ದೆ. ಲಕ್ಷ್ಮಣತೀರ್ಥ ದಾಟಿ ಪಿರಿಯಾಪಟ್ಟಣದ ಕಡೆ ತಿರುಗಿದರೆ ಹೊಗೆಸೊಪ್ಪಿನ ಸೀಮೆ. ಹೊಲದ ಮಧ್ಯೆ ಎತ್ತರದ, ಕಿಟಕಿಯಿಲ್ಲದ ಕಟ್ಟಡಗಳು ಕಾಣುತ್ತವೆ. ರೈತರು ಬ್ಯಾರನ್ ಅನ್ನುತ್ತಾರೆ. ಹಸಿ ಸೊಪ್ಪನ್ನು ಕೋಲಿಗೆ ಕಟ್ಟಿ ಒಳಗೆ ತೂಗುಹಾಕಿ, ಕೆಳಗೆ ಸೌದೆ ಉರಿಸಿ, ಕೊಳವೆಯ ಕಾವಿನಲ್ಲಿ ದಿನಗಟ್ಟಲೆ ಬೇಯಿಸುತ್ತಾರೆ. ಹೊಗೆ ಸೊಪ್ಪಿಗೆ ತಾಗುವುದಿಲ್ಲ, ಬಿಸಿ ಮಾತ್ರ. ಒಂದು ಕಡೆ ಕಾರು ನಿಲ್ಲಿಸಿ ಕೇಳಿದಾಗ ಒಬ್ಬ ಅಜ್ಜ ಬಾಗಿಲು ಸರಿಸಿ ತೋರಿಸಿದರು. ಒಳಗಿನ ಕಾವಿಗೆ ಕನ್ನಡಕ ಮಸುಕಾಯಿತು. "ರಾತ್ರಿಯೆಲ್ಲ ಎದ್ದೆದ್ದು ನೋಡ್ಬೇಕು ಸಾರ್. ಬಿಸಿ ಹೆಚ್ಚುಕಮ್ಮಿ ಆದ್ರೆ ಬಣ್ಣ ಹೋಯ್ತು, ರೇಟೂ ಹೋಯ್ತು" ಅಂದರು. ಇಷ್ಟು ವರ್ಷ ಈ ಕಟ್ಟಡಗಳನ್ನು ನಾನು ಸುಮ್ನೆ ಹಳೆ ಗೋದಾಮು ಅಂದುಕೊಂಡಿದ್ದೆ.

ಬೈಲಕುಪ್ಪೆಯಲ್ಲಿ ಮೋಮೋ ತಿಂದೆವು. ಟಿಬೆಟನ್ನರು ಇಲ್ಲಿ ನೆಲೆಸತೊಡಗಿದ್ದು 1961ರಲ್ಲಿ, ಮೈಸೂರು ಸರ್ಕಾರ ಕೊಟ್ಟ ಕಾಡುಜಾಗದಲ್ಲಿ. ಸ್ವರ್ಣಮಂದಿರದಲ್ಲಿ ರಜೆಯ ಜನ ತುಂಬಿತ್ತು, ಹೊರಗಿನಿಂದಲೇ ನೋಡಿ ಹೊರಟೆವು. ಕುಶಾಲನಗರದ ಕಾವೇರಿ ಸೇತುವೆ ದಾಟಿದರೆ ಕೊಡಗು.

ಘಾಟಿಯ ಬಗ್ಗೆ ಒಂದೆರಡು ಮಾತು ಗಟ್ಟಿಯಾಗಿಯೇ ಹೇಳಬೇಕು. ಮಡಿಕೇರಿಯನ್ನು ಮಧ್ಯಾಹ್ನವೇ ಬಿಡಿ. ಸಂಜೆಯ ಮಂಜಿನಲ್ಲಿ ಸಂಪಾಜೆ ಇಳಿಯುವ ಹುಚ್ಚು ಬೇಡ. ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತಲೇ ಇರಬೇಡಿ, ಎರಡನೇ ಗೇರಿನಲ್ಲಿ ಇಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ಮದೆನಾಡು, ಜೋಡುಪಾಲದಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮನೆಗಳು ಕೊಚ್ಚಿಹೋದವು, ರಸ್ತೆಯೂ ಕುಸಿಯಿತು. ನಾನು ಬಸ್ಸಿನಿಂದ ನೋಡಿ ಗುರುತಿಟ್ಟುಕೊಂಡಿದ್ದ ಕೆಲವು ತಿರುವುಗಳು ಈಗ ಆ ಆಕಾರದಲ್ಲಿಲ್ಲ. ಜೋರು ಮಳೆ ಇದ್ದರೆ ಈ ದಾರಿ ಹಿಡಿಯಲೇಬೇಡಿ, ನೆನಪು ಎಲ್ಲಿಗೂ ಓಡಿಹೋಗುವುದಿಲ್ಲ.

ಕೊಯನಾಡು ಬರುವ ಹೊತ್ತಿಗೆ ಕಾಫಿ ತೋಟ ಮುಗಿದು ಅಡಿಕೆ, ರಬ್ಬರ್ ಶುರು. ಸೆಕೆಯೂ ಶುರು, ಸ್ವೆಟರ್ ಬಿಚ್ಚಿದೆವು. ಅಂಗಡಿಯಲ್ಲಿ ಅರೆಭಾಷೆ ಕಿವಿಗೆ ಬಿತ್ತು. ಪಯಸ್ವಿನಿ ಹೊಳೆ ರಸ್ತೆಯ ಜೊತೆ ಸುಳ್ಯದವರೆಗೂ ಬರುತ್ತದೆ. ಜಾಲ್ಸೂರಿನಲ್ಲಿ ಕಾಸರಗೋಡಿನ ದಾರಿ ಬಿಟ್ಟು ಕಾವು, ಕುಂಬ್ರ ದಾಟುವಾಗ ಎಲ್ಲರೂ ತುಳುವಿಗೆ ಬದಲಾಗಿದ್ದರು, ನಾನೂ.

ಮನೆ ಸೇರಿದಾಗ ಅಮ್ಮ ಕಡುಬಿಗೆ ಹಲಸಿನೆಲೆ ಕೊಟ್ಟೆ ಕಟ್ಟುತ್ತಿದ್ದರು. ಶಿರಾಡಿಯಲ್ಲಿ ಬಂದಿದ್ದರೆ ನಿನ್ನೆಯೇ ಬರುತ್ತಿದ್ದೆಯಲ್ಲ, ಎಲೆ ಕೊಯ್ಯಲು ಜನ ಆಗುತ್ತಿತ್ತು ಅಂದರು. ಅದೂ ಸರಿಯೇ. ವಾಪಸ್ ಬರುವಾಗ ಮರುದಿನ ಆಫೀಸು ಇತ್ತು, ಶಿರಾಡಿಯಲ್ಲೇ ಬಂದೆ.