ಜರ್ಮನಿಯಲ್ಲಿ ಖಾಲಿ ಬಾಟಲಿ ವಾಪಸ್ ಕೊಡುವುದು ಹೇಗೆ? ಮೊದಲು ಜಜ್ಜುವುದನ್ನು ಬಿಡಿ

ನಮ್ಮೂರಿನ ನೀರಿನ ಬಾಟಲಿ ಮೇಲೆ ಒಂದು ಸಾಲು ಇರುತ್ತದೆ: ಕುಡಿದ ಮೇಲೆ ಬಾಟಲಿಯನ್ನು ಜಜ್ಜಿ. ರೈಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅದನ್ನೇ ಓದಿ ಬೆಳೆದವರು ನಾವು. ಹಾಗಾಗಿ ಓದಲೆಂದೋ ಕೆಲಸಕ್ಕೆಂದೋ ಜರ್ಮನಿಗೆ ಬಂದಿಳಿದ ಹುಡುಗರು ಮೊದಲ ವಾರ ಮಾಡುವುದು ಅದನ್ನೇ. ನೀರು ಕುಡಿಯುತ್ತಾರೆ, ಬಾಟಲಿಯನ್ನು ಕರಕರ ಹಿಂಡುತ್ತಾರೆ, ಕಸದ ಬುಟ್ಟಿಗೆ ಎಸೆಯುತ್ತಾರೆ. ಅಲ್ಲಿಗೆ 25 ಸೆಂಟ್ ಹೋಯಿತು. ನಮ್ಮ ಲೆಕ್ಕದಲ್ಲಿ 20 ರೂಪಾಯಿಗಿಂತ ಜಾಸ್ತಿಯೇ. ಅಗ್ಗದ ನೀರಾದರೆ ಕೆಲವು ಸಲ ನೀರಿನ ಬೆಲೆಗಿಂತ ಬಾಟಲಿಯ ಡಿಪಾಸಿಟ್ಟೇ ದೊಡ್ಡದು.

ಈ ಡಿಪಾಸಿಟ್ಟಿಗೆ ಇಲ್ಲಿನವರು 'ಫಾಂಡ್' ಅನ್ನುತ್ತಾರೆ. ಹಿಂದೆ ನಮ್ಮ ಅಂಗಡಿಗಳಲ್ಲಿ ಸೋಡಾ ಸೀಸೆ ಮನೆಗೆ ಒಯ್ಯಬೇಕಾದರೆ ದುಡ್ಡು ಇಟ್ಟು ಹೋಗುತ್ತಿದ್ದೆವಲ್ಲ, ಅದೇ. ಒಮ್ಮೆ ಬಳಸಿ ಬಿಸಾಡುವ ಬಾಟಲಿ, ಡಬ್ಬಿಗಳಿಗೆ 2003ರ ಜನವರಿ 1ರಿಂದ ಇದು ಕಡ್ಡಾಯ. ಸೀಸೆ ಎಣಿಸುವ ಶೆಟ್ಟರ ಜಾಗದಲ್ಲಿ ಇಲ್ಲಿ ಸೂಪರ್ ಮಾರ್ಕೆಟ್ಟಿನ ಗೋಡೆಯಲ್ಲಿ ಕೂತ ಒಂದು ಮಷಿನ್ ಇದೆ. ಅದು ಯಾವುದನ್ನು ಹೇಗೆ ನೋಡುತ್ತದೆ ಅಂತ ಗೊತ್ತಾದರೆ ಉಳಿದದ್ದೆಲ್ಲ ಸುಲಭ.

ಮೊದಲು ಮನೆಯಲ್ಲಿ

ಬಾಟಲಿಗೆಂದೇ ಒಂದು ದೊಡ್ಡ, ಗಟ್ಟಿ ಚೀಲ ಇಡಿ. ಉಳಿದದ್ದನ್ನು ಚೆಲ್ಲಿ, ಮುಚ್ಚಳ ಹಾಕಿ, ಅದರೊಳಗೆ ಹಾಕುತ್ತಾ ಹೋಗಿ. ತೆಳು ಪ್ಲಾಸ್ಟಿಕ್ ಕವರ್ ಬೇಡ. ಅದು ಟ್ರಾಮಿನಲ್ಲೇ ಹರಿಯುತ್ತದೆ, ಹಳಸಿದ ಬಿಯರ್ ಪಕ್ಕದವರ ಶೂ ಮೇಲೆ ಸುರಿಯುತ್ತದೆ. ಇನ್ನು ಆನ್‌ಲೈನಿನಲ್ಲಿ ಡಬ್ಬಿ ಚಪ್ಪಟೆ ಮಾಡುವ ಉಪಕರಣ ಮಾರುತ್ತಾರೆ, ಗೋಡೆಗೆ ಹೊಡೆದು ಹಿಡಿಕೆ ಎಳೆಯುವುದು. ಜಾಗ ಉಳಿಯುತ್ತದೆ ಅಂತ ನನ್ನ ರೂಮ್‌ಮೇಟ್ ಒಬ್ಬ ಅದನ್ನು ತರಿಸಿ, ಒಂದು ತಿಂಗಳ ಡಬ್ಬಿಗಳನ್ನು ದೋಸೆ ಮಾಡಿಟ್ಟಿದ್ದ. ಮಷಿನ್ ಒಂದನ್ನೂ ಮುಟ್ಟಲಿಲ್ಲ. ದಯವಿಟ್ಟು ಅದನ್ನು ಕೊಳ್ಳಬೇಡಿ.

ಯಾವುದಕ್ಕೆ ದುಡ್ಡು, ಯಾವುದಕ್ಕಿಲ್ಲ

ಇಲ್ಲಿ ಎರಡು ಜಾತಿ. ಒಂದು 'ಐನ್‌ವೆಗ್', ಒಮ್ಮೆ ಬಳಸುವುದು. ತೆಳು ಪ್ಲಾಸ್ಟಿಕ್ ಬಾಟಲಿ, ಅಲ್ಯುಮಿನಿಯಂ ಡಬ್ಬಿ ಇದರಲ್ಲಿ ಬರುತ್ತವೆ. ಎಲ್ಲಕ್ಕೂ 25 ಸೆಂಟ್. ಇನ್ನೊಂದು 'ಮೇರ್‌ವೆಗ್', ಅಂದರೆ ತೊಳೆದು ಮತ್ತೆ ತುಂಬಿಸುವುದು. ಮಾಮೂಲಿ ಬಿಯರ್ ಸೀಸೆಗೆ 8 ಸೆಂಟ್. ತಂತಿ ಮುಚ್ಚಳದ ಬಿಯರ್ ಸೀಸೆಗೂ, ತುಂಬಿಸಿ ಬಳಸುವ ನೀರಿನ ಬಾಟಲಿಗೂ 15. ಕ್ರೇಟಿಗೇ ಬೇರೆ 1.50 ಯೂರೊ. 20 ಬಿಯರ್ ಸೀಸೆಯ ಕ್ರೇಟ್ ಪೂರ್ತಿ ವಾಪಸ್ ಕೊಟ್ಟರೆ 3.10 ಯೂರೊ ಕೈಗೆ ಬರುತ್ತದೆ.

ಜ್ಯೂಸಿನ ಪ್ಲಾಸ್ಟಿಕ್ ಬಾಟಲಿಗೆ ಮೊದಲು ಡಿಪಾಸಿಟ್ ಇರಲಿಲ್ಲ. 2022ರಿಂದ ಅದಕ್ಕೂ ಬಂತು, 2024ರಿಂದ ಹಾಲಿನ ಪ್ಲಾಸ್ಟಿಕ್ ಬಾಟಲಿಗೂ ಬಂತು. ಹಳಬರು 'ಅದಕ್ಕಿಲ್ಲ, ಬಿಸಾಕು' ಅಂತ ಹೇಳಿದರೆ ನಂಬಬೇಡಿ. ವೈನ್ ಸೀಸೆ, ಉಪ್ಪಿನಕಾಯಿ ಸೀಸೆ, ಹಾಲಿನ ಕಾಗದದ ಪೊಟ್ಟಣ ಇವನ್ನು ಮಾತ್ರ ಮಷಿನ್ ಹತ್ತಿರ ಒಯ್ಯಬೇಡಿ.

ಅನುಮಾನ ಬಂದರೆ ಬಾಟಲಿಯ ಮೇಲೆ ಒಂದು ಚಿಹ್ನೆ ಹುಡುಕಿ. ಬಾಟಲಿ, ಡಬ್ಬಿ, ಸುತ್ತಿಕೊಂಡು ಬಂದ ಬಾಣ. ಅದಿದ್ದರೆ 25 ಸೆಂಟ್ ಖಾತ್ರಿ.

ಮಷಿನ್ ಮುಂದೆ

ಎಲ್ಲರೂ ಎಡವುವುದು ಇಲ್ಲೇ. ದುಂಡನೆ ಕಿಂಡಿ ಇರುತ್ತದೆ, ಹಸಿರು ದೀಪ ಇರುತ್ತದೆ. ಬಾಟಲಿಯ ತಳ ಮುಂದೆ ಮಾಡಿ, ಮಲಗಿಸಿ ಇಡಿ, ಕೈ ತೆಗೆಯಿರಿ. ತಳ್ಳಬೇಡಿ. ಒಳಗಿನ ಬೆಲ್ಟ್ ತಾನೇ ಎಳೆದುಕೊಳ್ಳುತ್ತದೆ. ಹಿಂದೆ ಸಾಲಿನಲ್ಲಿ ನಿಂತ ಅಜ್ಜಿ ಉಸ್ಸಪ್ಪಾ ಅಂದರೂ ಗಾಬರಿಯಾಗಿ ಎರಡೆರಡು ತುರುಕಬೇಡಿ. ತುರುಕಿದರೆ ಮಷಿನ್ ನಿಂತೇ ಹೋಗುತ್ತದೆ. ಆಮೇಲೆ ಬೆಲ್ ಒತ್ತಿ, ಅಂಗಡಿಯವರು ಬಂದು, ಬಾಗಿಲು ತೆಗೆದು... ಅಜ್ಜಿಯ ಮುಖ ಆಗ ನೋಡಬೇಕು.

ಒಳಗೆ ಏನಾಗುತ್ತದೆ? ತುಂಬಿಸಿ ಬಳಸುವ ಸೀಸೆಯಾದರೆ ಮಷಿನ್ ಅದರ ಆಕಾರ ನೋಡುತ್ತದೆ. ಹಾಗಾಗಿ ಬಿಯರ್ ಸೀಸೆಯ ಕಾಗದ ನೆನೆದು ಕಿತ್ತುಹೋಗಿದ್ದರೂ ಸಾಮಾನ್ಯವಾಗಿ ಪರವಾಗಿಲ್ಲ. ಒಮ್ಮೆ ಬಳಸುವ ಬಾಟಲಿಯ ಕಥೆ ಬೇರೆ. ರೋಲರ್‌ಗಳು ಅದನ್ನು ಗಿರಗಿರನೆ ತಿರುಗಿಸಿ ಬಾರ್‌ಕೋಡ್ ಹುಡುಕುತ್ತವೆ. ಬಾರ್‌ಕೋಡ್ ಸಾಲದು, ಆ ಬಾಣದ ಚಿಹ್ನೆಯೂ ಬೇಕು. ಆ ಚಿಹ್ನೆಯನ್ನು ವಿಶೇಷ ಶಾಯಿಯಲ್ಲಿ ಅಚ್ಚು ಹಾಕಿರುತ್ತಾರೆ, ಮನೆಯ ಪ್ರಿಂಟರಿನಲ್ಲಿ ಲೇಬಲ್ ತೆಗೆದು ಅಂಟಿಸಿದರೆ ಸಿಕ್ಕಿಬೀಳಲಿ ಅಂತ. ಪಾಸಾದ ಬಾಟಲಿಯನ್ನು ಸಾಮಾನ್ಯವಾಗಿ ಒಳಗೇ ಅಪ್ಪಚ್ಚಿ ಮಾಡಿಬಿಡುತ್ತದೆ, ಇನ್ನೊಮ್ಮೆ ಯಾರೂ ಅದಕ್ಕೆ ದುಡ್ಡು ಕೇಳಬಾರದಲ್ಲ. ಅಂದರೆ ಜಜ್ಜುವ ಕೆಲಸ ಇದೆ, ಆದರೆ ಅದು ನಮ್ಮದಲ್ಲ.

ಹಾಗಾಗಿ ಪ್ಲಾಸ್ಟಿಕ್ ಬಾಟಲಿಯ ಲೇಬಲ್ಲನ್ನು ಸುಮ್ನೆ ಕೂತಲ್ಲಿ ಉಗುರಿನಿಂದ ಕೀಳುವ ಚಟ ಇದ್ದರೆ ಬಿಡಿ. ಒಂದೊಂದು ಕೀಳಿಗೂ 25 ಸೆಂಟ್.

ಉಗುಳಿದರೆ?

ಒಂದು ಸಲ ಉಗುಳಿದ ಕೂಡಲೇ ಬಿಟ್ಟು ಹೋಗುವವರನ್ನು ಎಷ್ಟೋ ಸಲ ನೋಡಿದ್ದೇನೆ. ಮೊದಲು ಬಾಟಲಿ ತಿರುಗಿಸಿ ಮತ್ತೆ ಇಡಿ. ಲೇಬಲ್ ಒದ್ದೆಯಿದ್ದರೆ ಒರೆಸಿ, ಸುಕ್ಕಾಗಿದ್ದರೆ ಬೆರಳಿನಿಂದ ತೀಡಿ. ಒಳಗೆ ನೀರು ಉಳಿದಿದೆಯಾ ನೋಡಿ, ಭಾರ ಇದ್ದರೂ ಬೇಡ ಅನ್ನುತ್ತದೆ. ಬಾಟಲಿ ಹಿಂಡಿಹೋಗಿದ್ದರೆ ಬಾಯಿಟ್ಟು ಜೋರಾಗಿ ಊದಿ, ಮುಚ್ಚಳ ಬಿಗಿ ಮಾಡಿ. ಬಲೂನಿನ ಹಾಗೆ ಉಬ್ಬಿ ನಿಲ್ಲುತ್ತದೆ. ಜಜ್ಜಿದ ಹತ್ತರಲ್ಲಿ ಎಂಟನ್ನು ನಾನು ಹೀಗೇ ಬದುಕಿಸಿದ್ದೇನೆ. ನಿಮ್ಮ ಬಾಟಲಿಯನ್ನು ಮಾತ್ರ ಊದಿ, ದಾರಿಯಲ್ಲಿ ಸಿಕ್ಕಿದ್ದನ್ನಲ್ಲ.

ಡಬ್ಬಿಯನ್ನು ಊದಲಾಗುವುದಿಲ್ಲ. ಆದರೆ ಬಾಣದ ಚಿಹ್ನೆ ಕಾಣುವಂತಿದ್ದರೆ, ಸೊಟ್ಟಗಿದ್ದರೂ ಅಂಗಡಿಯವರು ಕೈಯಲ್ಲಿ ತೆಗೆದುಕೊಳ್ಳಲೇಬೇಕು. ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ನನಗೆ 'ಮಷಿನ್ ಬೇಡ ಅಂದರೆ ಬೇಡ' ಅಂದಿದ್ದರು. ಚಿಹ್ನೆ ತೋರಿಸಿ ಅಲ್ಲೇ ನಿಂತೆ, ಕೊಟ್ಟರು. ಇನ್ನೊಂದು ವಿಷಯ. ಪ್ಲಾಸ್ಟಿಕ್ ಬಾಟಲಿ ಮಾರುವ ದೊಡ್ಡ ಅಂಗಡಿ, ಬೇರೆ ಕಡೆ ಕೊಂಡ ಪ್ಲಾಸ್ಟಿಕ್ ಬಾಟಲಿಯನ್ನೂ ತೆಗೆದುಕೊಳ್ಳಬೇಕು. 200 ಚದರ ಮೀಟರಿಗಿಂತ ಚಿಕ್ಕ ಅಂಗಡಿಯಾದರೆ ತಾನು ಮಾರುವ ಬ್ರ್ಯಾಂಡಿನದ್ದಷ್ಟೇ ತೆಗೆದುಕೊಂಡರೆ ಸಾಕು. ತುಂಬಿಸಿ ಬಳಸುವ ಸೀಸೆಗೆ ಮಾತ್ರ ದೊಡ್ಡ ಅಂಗಡಿಯೂ 'ಇದು ನಮ್ಮಲ್ಲಿಲ್ಲ' ಅನ್ನಬಹುದು. ಅಲ್ಲಿ ಜಗಳ ಬೇಡ.

ಮ್ಯೂನಿಕ್‌ನವರು ಪಕ್ಕದ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸುತ್ತಿ ಬಂದಾಗ ಇನ್ನೊಂದು ಎಡವಟ್ಟು ಆಗುತ್ತದೆ. ಆಸ್ಟ್ರಿಯಾದಲ್ಲೂ 2025ರಿಂದ ಡಿಪಾಸಿಟ್ ಇದೆ, ಅಲ್ಲೂ 25 ಸೆಂಟ್. ಆದರೆ ಚಿಹ್ನೆ ಬೇರೆ, ಲೆಕ್ಕ ಬೇರೆ. ಇಲ್ಲಿನ ಮಷಿನ್ ಅದನ್ನು ಒಪ್ಪುವುದಿಲ್ಲ. ವಾಪಸ್ ರೈಲು ಹತ್ತುವ ಮೊದಲೇ ಅಲ್ಲೇ ಕೊಟ್ಟು ಬನ್ನಿ.

ರಾಶಿ ಇದ್ದರೆ

ಯುಗಾದಿ, ರಾಜ್ಯೋತ್ಸವ ಮುಗಿದ ಮೇಲೆ ಕನ್ನಡ ಬಳಗದವರ ಕೈಯಲ್ಲಿ ನೂರಿನ್ನೂರು ಬಾಟಲಿ ಉಳಿಯುತ್ತವೆ. ಚೀಲವನ್ನೇ ಒಮ್ಮೆಗೆ ಸುರಿಯುವ ಹೊಸ ಮಷಿನ್‌ಗಳು ಕೆಲವು ಅಂಗಡಿಗಳಲ್ಲಿವೆ. 1972ರಲ್ಲಿ ಇಬ್ಬರು ಅಣ್ಣತಮ್ಮಂದಿರು ನಾರ್ವೆಯಲ್ಲಿ ಶುರುಮಾಡಿದ ಟೊಮ್ರಾ ಕಂಪನಿಯದ್ದು ಒಂದಿದೆ, 100ಕ್ಕೂ ಜಾಸ್ತಿ ಬಾಟಲಿ, ಡಬ್ಬಿಗಳನ್ನು ಒಟ್ಟಿಗೆ ನುಂಗಿ ತಾನೇ ಎಣಿಸುತ್ತದೆ. ಹತ್ತಿರದಲ್ಲಿದ್ದರೆ ಅಲ್ಲಿಗೇ ಹೋಗಿ. ಗಾಜನ್ನು ಮಾತ್ರ ಅದಕ್ಕೆ ಸುರಿಯಬೇಡಿ. ಶನಿವಾರ ಸಂಜೆ ಅಂತೂ ಹೋಗಲೇಬೇಡಿ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಹಾಗಾಗಿ ಊರಿಗೆ ಊರೇ ಆಗ ಚೀಲ ಹಿಡಿದು ನಿಂತಿರುತ್ತದೆ.

ಹೊರಗೆ ಒಂದೇ ಬಾಟಲಿ ಕೈಯಲ್ಲಿದ್ದು ಹೊರಲು ಬೇಜಾರಾದರೆ ಕಸದ ತೊಟ್ಟಿಯ ಒಳಗೆ ಹಾಕಬೇಡಿ, ಪಕ್ಕದಲ್ಲಿ ನಿಲ್ಲಿಸಿ. ಆಯ್ದುಕೊಂಡು ಹೋಗುವವರು ತೊಟ್ಟಿಗೆ ಕೈ ಹಾಕುವುದು ತಪ್ಪುತ್ತದೆ. ಅವರಲ್ಲಿ ವಯಸ್ಸಾದವರೂ ಇರುತ್ತಾರೆ.

ಕೊನೆಗೆ ಚೀಟಿ

ಎಲ್ಲ ಹಾಕಿದ ಮೇಲೆ ಬಟನ್ ಒತ್ತಿ, ಚೀಟಿ ಬರುತ್ತದೆ. ಕೆಲವು ಮಷಿನ್‌ಗಳಲ್ಲಿ ಪಕ್ಕದಲ್ಲೇ ದಾನದ ಬಟನ್ ಇರುತ್ತದೆ, ನೋಡಿ ಒತ್ತಿ. ಚೀಟಿ ಆ ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ ನಡೆಯುತ್ತದೆ. ಬಿಲ್ಲಿನಲ್ಲಿ ಕಳೆಯುತ್ತಾರೆ, ಏನೂ ಕೊಳ್ಳದಿದ್ದರೆ ನಗದು ಕೊಡುತ್ತಾರೆ. ಕಾನೂನಿನ ಪ್ರಕಾರ ಚೀಟಿಗೆ ಮೂರು ವರ್ಷ ಆಯಸ್ಸು. ಆದರೆ ಅದು ಬಸ್ ಟಿಕೆಟ್ಟಿನಂಥ ಕಾಗದ, ಬಿಸಿಲಿಗೆ ಅಕ್ಷರ ಮಾಸುತ್ತದೆ. ಅವತ್ತೇ ಬಳಸಿ. ನಾನು ಎರಡು ಸಲ ಪ್ಯಾಂಟಿನ ಜೇಬಿನಲ್ಲಿಟ್ಟು ವಾಷಿಂಗ್ ಮಷಿನ್‌ಗೆ ಹಾಕಿದ್ದೇನೆ. ಒಟ್ಟು 11 ಯೂರೊ.