ಬ್ಯಾಟರಿ ಊರೊಳಗೆ, ಗ್ಯಾಸ್ ಹೆದ್ದಾರಿಗೆ: ನನ್ನ ಪ್ರಿಯಸ್ ಪ್ರೈಮ್ ಅನುಭವ

ಹೋದ ತಿಂಗಳು ಸ್ನೇಹಿತನ ಕಾರಿಗೂ ನನ್ನ ಕಾರಿಗೂ ಒಂದೇ ಗ್ಯಾಸ್ ಸ್ಟೇಷನ್‌ನಲ್ಲಿ (ಇಲ್ಲಿ ಅಮೆರಿಕದಲ್ಲಿ ಪೆಟ್ರೋಲ್‌ಗೆ ಗ್ಯಾಸ್ ಅನ್ನುತ್ತೇವೆ), ಒಂದೇ ಪಂಪಿನಲ್ಲಿ ಟ್ಯಾಂಕ್ ತುಂಬಿಸಿದೆವು. ಎರಡು ವಾರದಲ್ಲಿ ಆರು ಸಲ ಎಡಿಸನ್‌ನಿಂದ ಪಾರ್ಸಿಪನಿಯ ಆಫೀಸಿಗೆ ಹೋಗಿ ಬಂದು, ಮತ್ತೆ ಅದೇ ಪಂಪಿಗೆ ಹೋದೆವು. ನ್ಯೂಜೆರ್ಸಿಯಲ್ಲಿ ನಾವೇ ಗ್ಯಾಸ್ ಹಾಕಿಕೊಳ್ಳುವಂತಿಲ್ಲ, ಗೊತ್ತಲ್ವಾ. ಹಾಗಾಗಿ ಪಂಪಿನ ಹುಡುಗನಿಗೆ ಎರಡೂ ಸಲ ಹೇಳಿದ್ದೆ: ಮೊದಲ ಸಲ ಟಕ್ ಅಂದ ಕೂಡಲೇ ನಿಲ್ಲಿಸು, ಮೇಲೆ ಒಂದು ಹನಿಯೂ ಬೇಡ. ಸ್ನೇಹಿತನ ಕಾರಿಗೆ ಹಿಡಿದದ್ದು 6.1 ಗ್ಯಾಲನ್. ನನ್ನದಕ್ಕೆ 4.6.

ಇಬ್ಬರದೂ ಟೊಯೋಟಾ ಪ್ರಿಯಸ್ ಪ್ರೈಮ್, ಅಂದರೆ ಪ್ಲಗ್ ಹಾಕಿ ಚಾರ್ಜ್ ಮಾಡುವ ಬ್ಯಾಟರಿ, ಗ್ಯಾಸ್ ಇಂಜಿನ್ ಎರಡೂ ಇರುವ ಕಾರು. ಹಳೆಯ ಬಾಡಿ, 8.8 ಯೂನಿಟ್ ಬ್ಯಾಟರಿ. ಇಬ್ಬರೂ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡುತ್ತೇವೆ. ಆಫೀಸಿನಲ್ಲಿ ಚಾರ್ಜರ್ ಸಿಗುವುದಿಲ್ಲ. ಅವನ ಕಾಲು ಸ್ವಲ್ಪ ಭಾರ, ಅದನ್ನು ಒಪ್ಪುತ್ತೇನೆ. ಆದರೂ ಒಂದೂವರೆ ಗ್ಯಾಲನ್ ಬರೀ ಕಾಲಿನ ಭಾರದಿಂದ ಬರುವುದಿಲ್ಲ. ಬ್ಯಾಟರಿಯೋ ಗ್ಯಾಸೋ ಅಂತ ಬದಲಿಸುವ ಬಟನ್ ಒಂದಿದೆ. ಅವನು ಅದನ್ನು ಮುಟ್ಟುವುದಿಲ್ಲ, ನಾನು ಮುಟ್ಟುತ್ತೇನೆ. ವ್ಯತ್ಯಾಸ ಅಷ್ಟೇ.

ಬ್ಯಾಟರಿಯನ್ನು ಊರೊಳಗೆ ಬಳಸಿ, ಹೆದ್ದಾರಿಗೆ ಗ್ಯಾಸ್ ಇರಲಿ ಅಂತ ಎರಡು ವರ್ಷದಿಂದ ಹೇಳುತ್ತಿದ್ದೆ. ಯುಗಾದಿ ಊಟದಲ್ಲಿ ಒಬ್ಬರು, "ಕಾರಿನ ಕಂಪ್ಯೂಟರ್‌ಗಿಂತ ನಿಮಗೆ ಜಾಸ್ತಿ ಗೊತ್ತಾ?" ಅಂದರು. ಪೂರ್ತಿ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡಿರುವ ಇನ್ನೊಬ್ಬರು, "ಎರಡು ದೋಣಿ ಮೇಲೆ ಕಾಲಿಟ್ಟಿದ್ದೀರಿ" ಅಂದರು. ಕಾರು ಮಾರಿದವನೂ ಹೇಳಿದ್ದು ಇಷ್ಟೇ: ರಾತ್ರಿ ಪ್ಲಗ್ ಹಾಕಿ, ಬೆಳಿಗ್ಗೆ ಓಡಿಸಿ, ಉಳಿದದ್ದು ಅದೇ ನೋಡಿಕೊಳ್ಳುತ್ತೆ. ನೋಡಿಕೊಳ್ಳುತ್ತೆ, ನಿಜ. ಆದರೆ ನಾನು ಇವತ್ತು ಎಷ್ಟು ಮೈಲಿ ಹೋಗುತ್ತೇನೆ, ಸಂಜೆ ಟ್ರಾಫಿಕ್ ಎಲ್ಲಿ ಕಟ್ಟಿಕೊಳ್ಳುತ್ತೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಬ್ಯಾಟರಿ ಇರುವವರೆಗೂ ಬ್ಯಾಟರಿ, ಮುಗಿದ ಮೇಲೆ ಗ್ಯಾಸ್. ಅದರ ಲೆಕ್ಕ ಅಷ್ಟೇ.

ನನ್ನ ದಾರಿ ಹೀಗಿದೆ. ಮನೆಯಿಂದ 287 ಹೆದ್ದಾರಿಗೆ ಊರೊಳಗೆ 4 ಮೈಲಿ. ಆಮೇಲೆ 287ರಲ್ಲಿ ಬ್ರಿಡ್ಜ್‌ವಾಟರ್, ಬೆಡ್‌ಮಿನ್‌ಸ್ಟರ್, ಮಾರಿಸ್‌ಟೌನ್ ದಾಟಿ ಪಾರ್ಸಿಪನಿ. ಅಲ್ಲಿ ಮತ್ತೆ ಮೂರ‍್ನಾಲ್ಕು ಮೈಲಿ ಸಿಗ್ನಲ್ ರೋಡು. ಹೋಗಿ ಬರಲು ಒಟ್ಟು 70 ಮೈಲಿ. ಚಾರ್ಜ್ ಮೇಲೆ ಓಡುವುದು 25 ಮೈಲಿ ಅಂತ ಕಾಗದದ ಲೆಕ್ಕ. ಅಂದರೆ 45 ಮೈಲಿ ಹೇಗಿದ್ದರೂ ಗ್ಯಾಸ್ ಬೇಕು. ಯಾವ 45 ಅನ್ನುವುದೇ ಪ್ರಶ್ನೆ.

ಮೊದಲ ಆರು ತಿಂಗಳು ನಾನೂ ಎಲ್ಲರ ಹಾಗೇ ಇವಿ ಮೋಡ್‌ನಲ್ಲಿ (ಬರೀ ಬ್ಯಾಟರಿ) ಹೊರಟು 287ರಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಹೋಗುತ್ತಿದ್ದೆ. ಬೆಡ್‌ಮಿನ್‌ಸ್ಟರ್ ದಾಟುವ ಹೊತ್ತಿಗೆ ಬ್ಯಾಟರಿ ಖಾಲಿ. 20 ಮೈಲಿ ಸಿಕ್ಕರೆ ಹೆಚ್ಚು. ಆ ವೇಗದಲ್ಲಿ ಒಂದು ಯೂನಿಟ್‌ಗೆ 3 ಮೈಲಿ ಚಿಲ್ಲರೆ ಬರುತ್ತೆ. ಅದೇ ಊರೊಳಗೆ 35ರಲ್ಲಿ ಹೋದರೆ 5ರ ಹತ್ತಿರ ಬರುತ್ತೆ. ಗ್ಯಾಸ್ ಇಂಜಿನ್ ಹಾಗಲ್ಲ. ಹೆದ್ದಾರಿಯಲ್ಲಿ ಒಂದೇ ಸಮ ಓಡುವಾಗ ಅದು ಖುಷಿಯಾಗಿರುತ್ತೆ, ಗ್ಯಾಲನ್‌ಗೆ 52, 55 ಮೈಲಿ ಕೊಡುತ್ತೆ. ಅದು ಸೋಲುವುದು ತಣ್ಣಗಿರುವಾಗ, ಎರಡು ಮೈಲಿಯ ಓಟದಲ್ಲಿ. ಕೂಡಿ ಕಳೆದು ನೋಡಿದರೆ ನಾನು ಬ್ಯಾಟರಿಯನ್ನು ಅದು ದುಡಿಯದ ಜಾಗದಲ್ಲಿ ಸುಡುತ್ತಿದ್ದೆ.

ಇದು ಹೊಳೆದ ಮೇಲೂ ಕೈ ಸುಟ್ಟುಕೊಂಡೆ. ಸಿಕ್ಕಸಿಕ್ಕಲ್ಲಿ ಬಟನ್ ಒತ್ತಲು ಶುರು ಮಾಡಿದೆ. ಏರು ಬಂದರೆ ಎಚ್‌ವಿ (ಇಂಜಿನ್ ಓಡಿಸಿ ಬ್ಯಾಟರಿ ಉಳಿಸುವ ಹೈಬ್ರಿಡ್ ಮೋಡ್), ಇಳಿಜಾರು ಬಂದರೆ ಇವಿ, ಸಿಗ್ನಲ್ ಕಂಡರೆ ಇವಿ, ಬಿಟ್ಟರೆ ಎಚ್‌ವಿ. ಆ ತಿಂಗಳು ಮೈಲೇಜ್ ಹೆಚ್ಚಾಗುವ ಬದಲು ಕಡಿಮೆಯಾಯಿತು. ಮಧ್ಯೆ ಹತ್ತು ಹದಿನೈದು ನಿಮಿಷ ಇವಿಯಲ್ಲಿ ಹೋದರೆ ಇಂಜಿನ್ ತಣ್ಣಗಾಗಿಬಿಡುತ್ತೆ. ಮತ್ತೆ ಎಬ್ಬಿಸಿದಾಗ ಮೊದಲು ತನ್ನನ್ನು ಬಿಸಿ ಮಾಡಿಕೊಳ್ಳಲು ಗ್ಯಾಸ್ ಕುಡಿಯುತ್ತೆ. ಈಗ ಒಂದು ಓಟಕ್ಕೆ ಎರಡೇ ಸಲ ಒತ್ತುತ್ತೇನೆ. ಎಬ್ಬಿಸಲು ಒಂದು ಸಲ, ಮಲಗಿಸಲು ಒಂದು ಸಲ.

ಎಲ್ಲಿ ಎಬ್ಬಿಸಬೇಕು ಅನ್ನುವುದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ಮೊದಲು ರ‍್ಯಾಂಪ್ ಮೇಲೆ ಒತ್ತುತ್ತಿದ್ದೆ. ತಣ್ಣನೆಯ ಇಂಜಿನ್, ಮುಂದೆ ಏರು, ಪಕ್ಕದಲ್ಲಿ ಟ್ರಕ್, ಕಾಲು ಪೂರ್ತಿ ಕೆಳಗೆ. ಇಂಜಿನ್ ಅರಚಿಕೊಳ್ಳುತ್ತಿತ್ತು. ಈಗ ರ‍್ಯಾಂಪ್‌ಗೆ ಒಂದು ಸಿಗ್ನಲ್ ಹಿಂದೆಯೇ ಒತ್ತುತ್ತೇನೆ. ಸಿಗ್ನಲ್ ಬಿಟ್ಟು ಹೊರಟಾಗ ಪಾದದ ಕೆಳಗೆ ಸಣ್ಣದೊಂದು ನಡುಕ ಬರುತ್ತೆ. ಮೋಟರೇ ಇಂಜಿನ್ನನ್ನು ತಿರುಗಿಸಿ ಎಬ್ಬಿಸುವುದರಿಂದ ಸ್ಟಾರ್ಟರ್ ಸದ್ದಿಲ್ಲ, ಆ ನಡುಕ ಮಾತ್ರ. ಆಮೇಲೆ ಒಂದು ನಿಮಿಷದಷ್ಟು ಹೊತ್ತು ಇಂಜಿನ್ ಓಡುತ್ತಿದ್ದರೂ ಕಾರನ್ನು ಎಳೆಯುವುದು ಹೆಚ್ಚಾಗಿ ಬ್ಯಾಟರಿಯೇ. ಇಂಜಿನ್ ಹೊಗೆ ಕೊಳವೆಯನ್ನು ಬಿಸಿ ಮಾಡಿಕೊಳ್ಳುತ್ತಾ ಆರಾಮಾಗಿರುತ್ತೆ. ಆ ಒಂದು ನಿಮಿಷ ನಾನು 35ರ ಮೇಲೆ ಹೋಗುವುದಿಲ್ಲ. ರ‍್ಯಾಂಪ್ ಹತ್ತುವಷ್ಟರಲ್ಲಿ ಅದು ಕೆಲಸಕ್ಕೆ ತಯಾರು.

ಶಿವಮೊಗ್ಗದಿಂದ ಅಪ್ಪ ಬಂದಿದ್ದಾಗ ಪಕ್ಕದ ಸೀಟಿನಲ್ಲಿ ಚಪ್ಪಲಿ ಬಿಟ್ಟು ಕೂತಿದ್ದರು. ಸಿಗ್ನಲ್‌ನಲ್ಲಿ ನಿಂತಾಗ, "ಗಾಡಿ ಆಫ್ ಆಯ್ತೇನೋ?" ಅಂತ ಗಾಬರಿಯಾದರು. ಮೂರನೇ ದಿನಕ್ಕೆ, ನಾನು ಹೇಳುವ ಮುಂಚೆಯೇ, "ಈಗ ಎದ್ದಿತು ನೋಡು" ಅನ್ನುತ್ತಿದ್ದರು. ಬರಿಗಾಲಿಗೆ ಸ್ಕ್ರೀನಿಗಿಂತ ಬೇಗ ಗೊತ್ತಾಗುತ್ತೆ.

ಬೆಳಿಗ್ಗೆ ಹೀಗೆ ಎರಡೂ ತುದಿಯ ಎಂಟು ಮೈಲಿ ಮಾತ್ರ ಇವಿ. ಉಳಿದ ಬ್ಯಾಟರಿ ಸಂಜೆಗೆ. ಸಂಜೆ ಬ್ರಿಡ್ಜ್‌ವಾಟರ್ ಸುತ್ತಮುತ್ತ 287 ಹೆಚ್ಚುಕಡಿಮೆ ನಿಂತೇ ಇರುತ್ತೆ. ಅಲ್ಲಿ ಇವಿಗೆ ಹಾಕಿದರೆ ಮನೆ ಬಾಗಿಲಿಗೆ ಬರುವಾಗ ಒಂದೆರಡು ಮೈಲಿ ಮಾತ್ರ ಉಳಿದಿರುತ್ತೆ. ಅದೇ ಬ್ಯಾಟರಿಯಲ್ಲಿ 20ರ ಬದಲು 29 ಮೈಲಿ. ದಿನಕ್ಕೆ ಒಂದು ಗ್ಯಾಲನ್ ಹೋಗುತ್ತಿದ್ದದ್ದು ಮುಕ್ಕಾಲಿಗೆ ಇಳಿಯಿತು. ಅಂದರೆ ಗ್ಯಾಲನ್‌ಗೆ 70 ಇದ್ದದ್ದು 93ರ ಆಸುಪಾಸು. ಹಣದಲ್ಲಿ ದಿನಕ್ಕೆ 80 ಸೆಂಟು, ವಾರಕ್ಕೆ ಮೂರು ದಿನದ ಓಟಕ್ಕೆ ವರ್ಷಕ್ಕೆ ನೂರಾ ಹದಿನೈದು ಡಾಲರ್ ಇರಬಹುದು. ಸಣ್ಣ ಮೊತ್ತ ಅನ್ನುವವರಿಗೆ ಹೇಳುತ್ತೇನೆ: ಒಂದು ಪೈಸೆ ಖರ್ಚಿಲ್ಲದೆ, ಎರಡು ಸಲ ಬೆರಳು ಒತ್ತಿ ಬಂದ ದುಡ್ಡು ಅದು.

ಇವಿ ಆಟೋ ಮೋಡ್ ಇದೆಯಲ್ಲಾ ಅಂತ ಕೆಲವರು ಕೇಳುತ್ತಾರೆ. ನೋಡಿದೆ. ಜೋರಾಗಿ ತುಳಿದಾಗಲೆಲ್ಲ ಇಂಜಿನ್ ಎಬ್ಬಿಸುತ್ತೆ. ನನಗೆ ಅದು ಬೇಡ.

ದುಡ್ಡು ದಂಡವಾದ ಕಥೆ ಬೇರೆಯೇ ಇದೆ. ಕಾರು ತಂದ ಹೊಸದರಲ್ಲಿ, ಬೇಗ ಚಾರ್ಜ್ ಆಗಲು 240 ವೋಲ್ಟ್ ಲೈನ್ ಬೇಕೇ ಬೇಕು ಅಂದುಕೊಂಡು ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. 1,400 ಕೇಳಿ 1,100ಕ್ಕೆ ಒಪ್ಪಿದ. ಚಾರ್ಜರ್‌ಗೆ ಮತ್ತೆ 350. ಆಮೇಲೆ ನೋಡಿದರೆ ಮಾಮೂಲಿ 120 ವೋಲ್ಟ್ ಪ್ಲಗ್‌ನಲ್ಲೇ ಐದೂವರೆ ಗಂಟೆಗೆ ಫುಲ್. ನಾನು ಮಲಗುವುದೇ ಏಳು ಗಂಟೆ! ಈ ಕಾರಿಗೆ ಆ ಖರ್ಚು ಮಾಡಬೇಡಿ. ಒಂದೇ ಲಾಭ ಅಂದರೆ ಚಳಿಗಾಲದಲ್ಲಿ ಹೊರಡುವ ಮುಂಚೆ ಕಾರು ಬಿಸಿ ಮಾಡುವಾಗ ಬ್ಯಾಟರಿ ಇಳಿಯುವುದಿಲ್ಲ. 120ರಲ್ಲಿ ನನಗೆ ನಾಲ್ಕೈದು ಪರ್ಸೆಂಟ್ ಇಳಿಯುತ್ತಿತ್ತು. 1,450 ಡಾಲರ್‌ಗೆ ನಾಲ್ಕೈದು ಪರ್ಸೆಂಟ್.

ಚಳಿಗಾಲದ ಮಾತು ಬಂತು. ಮೊದಲ ಜನವರಿಯಲ್ಲಿ ಹಟ ಹಿಡಿದು ಹೀಟರ್ ಇಲ್ಲದೆ, ಗ್ಲೌಸ್ ಹಾಕಿಕೊಂಡು ಇವಿಯಲ್ಲೇ ಓಡಿಸಿದೆ. ಗಾಜಿಗೆ ಮಂಜು ಹಿಡಿಯಿತು. ಓಕ್ ಟ್ರೀ ರೋಡಿಗೆ ತರಕಾರಿಗೆ ಹೋಗುವಾಗ ನನ್ನ ಹೆಂಡತಿ ಮುಂದಿನ ಗಾಜಿನ ಡಿಫ್ರಾಸ್ಟ್ ಬಟನ್ ಒತ್ತಿದಳು. ತಕ್ಷಣ ಇಂಜಿನ್ ಎದ್ದಿತು. ಅದು ಹಾಗೆಯೇ ಮಾಡಿರುವುದು, ಆ ಬಟನ್ ಒತ್ತಿದರೆ ಇವಿಯಲ್ಲಿದ್ದರೂ ಇಂಜಿನ್ ಏಳಲೇಬೇಕು. ಎರಡು ಮೈಲಿ ಓಟಕ್ಕೆ ತಣ್ಣನೆಯ ಇಂಜಿನ್, ಬಿಸಿಯಾಗುವಷ್ಟರಲ್ಲಿ ಅಂಗಡಿ ಬಂತು. ವಾಪಸ್ ಬರುವಾಗ ಮತ್ತದೇ. ಇನ್ನೊಂದು, ಹೊರಗೆ 14 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ, ಬ್ಯಾಟರಿಯಲ್ಲೇ ಕಾರಿನ ಒಳಗೆ ಬಿಸಿ ಮಾಡುವ ಹೀಟ್ ಪಂಪ್ ಕೈಚೆಲ್ಲುತ್ತೆ. ಹೀಟರ್ ಹಾಕಿದರೆ ಇಂಜಿನ್ ಬರಲೇಬೇಕು. ಅಂಥ ದಿನ ನಾನು ಜಗಳ ಆಡುವುದಿಲ್ಲ. ಮನೆಯಿಂದಲೇ ಎಚ್‌ವಿ. ಇಂಜಿನ್ ಹೇಗೂ ಬಿಸಾಡುವ ಬಿಸಿಯಲ್ಲಿ ಕಾರಿನ ಒಳಗೆಲ್ಲಾ ಬೆಚ್ಚಗಾಗುತ್ತೆ, ಪಾರ್ಸಿಪನಿ ತಲುಪಿದ ಮೇಲೆ ಇವಿ. ಡಿಫ್ರಾಸ್ಟ್ ಒತ್ತದೆ ಗಾಜು ತಿಳಿಯಾಗಿಡಲು ನನ್ನದೊಂದು ಉಪಾಯ ಇದೆ. ಇನ್ನೊಂದು ಚಳಿಗಾಲ ನೋಡಿ ಆಮೇಲೆ ಹೇಳುತ್ತೇನೆ. ಟೈರಿಗೆ ಎಷ್ಟು ಗಾಳಿ ಇಡುತ್ತೇನೆ ಅನ್ನುವುದನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಪೊಕೊನೋಸ್ ಬೆಟ್ಟಕ್ಕೆ ಹೋದಾಗ ಎರಡು ಪ್ರಯೋಗ ಮಾಡಿದೆ. ಒಂದು ಚಾರ್ಜ್ ಮೋಡ್. ಎಚ್‌ವಿ ಬಟನ್ ಒತ್ತಿ ಹಿಡಿದರೆ ಇಂಜಿನ್ನೇ ಓಡುತ್ತಾ ಬ್ಯಾಟರಿ ತುಂಬಿಸುತ್ತೆ. ಹೆದ್ದಾರಿಯಲ್ಲಿ 52 ಬರುತ್ತಿದ್ದದ್ದು 37ಕ್ಕೆ ಇಳಿಯಿತು. ತುಂಬಿದ ಬ್ಯಾಟರಿಯಲ್ಲಿ ಎಷ್ಟು ದೂರ ಹೋದೆ ಅಂತ ಲೆಕ್ಕ ಹಾಕಿದರೆ ಒಂದು ಪೈಸೆ ಲಾಭ ಇಲ್ಲ. ಇನ್ನೊಂದು, ಉಳಿದುಕೊಂಡ ಮನೆ ಬೆಟ್ಟದ ಮೇಲಿತ್ತು. ರಾತ್ರಿ ಬಿಟ್ಟಿ ಕರೆಂಟ್ ಅಂತ ಪೂರ್ತಿ ಚಾರ್ಜ್ ಮಾಡಿದೆ. ಬೆಳಿಗ್ಗೆ ಇಳಿಯುವಾಗ ಬ್ರೇಕ್ ಹಿಡಿದರೆ ಹುಟ್ಟುವ ಕರೆಂಟ್ ತುಂಬಲು ಬ್ಯಾಟರಿಯಲ್ಲಿ ಜಾಗವೇ ಇಲ್ಲ. ಇಂಜಿನ್ ಗ್ಯಾಸ್ ಸುಡದೆ ಸುಮ್ನೆ ಜೋರಾಗಿ ತಿರುಗಲು ಶುರುವಾಯಿತು. ಮೊದಲು ಏನೋ ಕೆಟ್ಟಿತು ಅಂತ ಬದಿಗೆ ನಿಲ್ಲಿಸಿಬಿಟ್ಟೆ. ಹೆಚ್ಚಾದ ಕರೆಂಟನ್ನು ಕಳೆಯಲು ಅದು ಮಾಡುವ ಕೆಲಸ ಅದು. ಬೆಟ್ಟದ ಮೇಲೆ ಮುಕ್ಕಾಲು ಚಾರ್ಜ್ ಸಾಕು, ಉಳಿದದ್ದನ್ನು ಇಳಿಜಾರೇ ತುಂಬಿಸುತ್ತೆ.

ನನ್ನ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಅನ್ನುವುದನ್ನೂ ಹೇಳಬೇಕು. ನನಗೆ ಕರೆಂಟ್ ಯೂನಿಟ್‌ಗೆ 17 ಸೆಂಟು. ಗೋಡೆಯಿಂದ ಆರೂವರೆ ಯೂನಿಟ್ ಎಳೆದರೆ ಫುಲ್ ಚಾರ್ಜ್ (8.8 ಯೂನಿಟ್ ಬ್ಯಾಟರಿಯಾದರೂ ಕಾರು ಅದನ್ನು ಪೂರ್ತಿ ಖಾಲಿಯಾಗಲು ಬಿಡುವುದಿಲ್ಲ), ಒಂದು ಡಾಲರ್ ಚಿಲ್ಲರೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಭಾವನಿಗೆ ಯೂನಿಟ್ 40 ಸೆಂಟು. ಅವನ ಫುಲ್ ಚಾರ್ಜ್‌ಗೆ 2 ಡಾಲರ್ 60. ಅದೇ 25 ಮೈಲಿ ಗ್ಯಾಸ್‌ನಲ್ಲಿ ಓಡಿಸಿದರೆ 2 ಡಾಲರ್ ಮೇಲೆ ಸ್ವಲ್ಪ. ಅವನು ಮನೆಯಲ್ಲಿ ಪ್ಲಗ್ ಹಾಕದೆ ಇರುವುದೇ ಲಾಭ, ಆಫೀಸಿನಲ್ಲಿ ಬಿಟ್ಟಿ ಸಿಕ್ಕರೆ ಮಾತ್ರ ಚಾರ್ಜ್ ಮಾಡುತ್ತಾನೆ.

4.6 ಗ್ಯಾಲನ್‌ನ ರಸೀದಿ ನನ್ನ ಕಾರಿನ ಡ್ಯಾಶ್‌ಬೋರ್ಡ್ ಡಬ್ಬದಲ್ಲಿದೆ. ಸ್ನೇಹಿತ ತನ್ನದನ್ನು ಅಲ್ಲೇ ಮಡಚಿ ಜೇಬಿಗೆ ಹಾಕಿಕೊಂಡ, ಏನೂ ಹೇಳಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಆಫೀಸ್ ತಲುಪಿದ ಮೇಲೆ ಅವನ ಮೆಸೇಜ್ ಬಂತು: "ನೀನು ಹೇಳಿದ ಸಿಗ್ನಲ್‌ನಲ್ಲೇ ಒತ್ತಿದೆ. ಬ್ಯಾಟರಿ ಇನ್ನೂ 70 ಪರ್ಸೆಂಟ್ ಇದೆ. ಸಂಜೆ ಎಲ್ಲಿ ಇವಿಗೆ ಹಾಕಲಿ?"